ಸೆಕೆಯ ಲೆಕ್ಕ

ಏಪ್ರಿಲ್, ಮೇ ಎರಡು ತಿಂಗಳು ಬೆಳಗ್ಗೆ ಕಾಫಿ ಕುಡಿಯುತ್ತಾ ನಾನು ಲಕ್ಷದ್ವೀಪದ ನೀರು ಎಷ್ಟು ಬಿಸಿಯಾಗಿದೆ ಅಂತ ನೋಡುತ್ತೇನೆ. "ಏನು, ಅಲ್ಲಿಗೆ ಸ್ನಾನಕ್ಕೆ ಹೋಗ್ತೀರಾ?" ಅಂತ ಹೆಂಡತಿ ಕಾಲೆಳೆಯುತ್ತಾಳೆ.

ಈ ಹುಚ್ಚು ಹಿಡಿದಿದ್ದು 2024ರ ಮೇ ಮೊದಲ ವಾರ, ಅಲ್ಲಿನ ಅಗತ್ತಿ ದ್ವೀಪದಲ್ಲಿ. ಸೊಂಟದ ಮಟ್ಟದ ನೀರು. ತಲೆ ಮುಳುಗಿಸಿ ನೋಡಿದರೆ ಜಿಂಕೆ ಕೊಂಬಿನಂಥ ಹವಳ, ತುದಿಯಿಂದ ಬುಡದವರೆಗೆ ಸುಣ್ಣ ಹೊಡೆದ ಹಾಗೆ ಬೆಳ್ಳಗಿತ್ತು. ಪಕ್ಕದ್ದು ತಿಳಿ ನೇರಳೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಎಷ್ಟು ಚೆಂದ ಅಂತ ಹತ್ತು ಫೋಟೊ ತೆಗೆದೆ. ಆ ಹೊಳಪೂ ಬಿಸಿ ತಾಳಲಾರದ ಲಕ್ಷಣ ಅಂತ ಗೊತ್ತಾಗಿದ್ದು ಊರಿಗೆ ಬಂದ ಮೇಲೆ.

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗಿರುತ್ತದೆ. ಹವಳಕ್ಕೆ ಬಣ್ಣ ಮತ್ತು ಬಹುಪಾಲು ಊಟ ಸಿಗುವುದು ಅದರಿಂದಲೇ. ನೀರು ವಾರಗಟ್ಟಲೆ ಬಿಸಿಯಾಗಿದ್ದರೆ ಹವಳ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ, ಒಳಗಿನ ಬಿಳಿ ಅಸ್ಥಿ ಕಾಣುತ್ತದೆ. ಬಿಳಿಚಿಕೊಂಡಿತು ಅಂದರೆ ಸತ್ತೇ ಹೋಯಿತು ಅಂತಲ್ಲ. ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು.

ಹಾಗಾಗಿ ಇವತ್ತು ಎಷ್ಟು ಬಿಸಿ ಅನ್ನುವುದಕ್ಕಿಂತ ಎಷ್ಟು ದಿನದಿಂದ ಬಿಸಿ ಅನ್ನುವುದೇ ಮುಖ್ಯ. ಕಡಲು, ಹವಾಮಾನ ಗಮನಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ. ಹವಳಗಳ ಮೇಲೆ ಕಣ್ಣಿಡುವ ಅದರ ವಿಭಾಗ ಕೋರಲ್ ರೀಫ್ ವಾಚ್ ಇದಕ್ಕೆ 'ಡಿಗ್ರಿ ಹೀಟಿಂಗ್ ವೀಕ್' ಅಂತ ಒಂದು ಲೆಕ್ಕ ಇಟ್ಟಿದೆ. ಆ ಜಾಗದಲ್ಲಿ ವರ್ಷದ ಅತಿ ಬಿಸಿ ತಿಂಗಳ ಸರಾಸರಿ 29.5 ಡಿಗ್ರಿ ಅಂದುಕೊಳ್ಳಿ. ಎರಡು ವಾರ ನೀರು 31ರಲ್ಲಿ ನಿಂತರೆ ಒಂದೂವರೆ ಡಿಗ್ರಿ ಜಾಸ್ತಿ, ಎರಡು ವಾರಕ್ಕೆ ಒಟ್ಟು 3. ಒಂದು ಡಿಗ್ರಿಗಿಂತ ಕಡಿಮೆ ಏರಿದ್ದು ಲೆಕ್ಕಕ್ಕೇ ಇಲ್ಲ. ಹೀಗೆ ಹಿಂದಿನ 12 ವಾರಗಳದ್ದನ್ನು ಕೂಡುತ್ತಾರೆ. 4 ದಾಟಿದರೆ ಹವಳ ಬಿಳಿಚಿಕೊಳ್ಳುವ ಭಯ, 8 ದಾಟಿದರೆ ಸಾಯುವ ಭಯ. ನಮ್ಮ ಅಂಗಡಿಯ ಉದ್ರಿ ಪುಸ್ತಕದ ಹಾಗೆಯೇ, ದಿನದ ಮೊತ್ತ ಸಣ್ಣದು, ಹೆದರಿಸುವುದು ಬಾಕಿ.

ಬಿಸಿ ಅಳೆಯುವುದು ಉಪಗ್ರಹ. ಅದಕ್ಕೆ ಕಾಣುವುದು ಕಡಲಿನ ಮೇಲ್ಮೈ ಮಾತ್ರ, ಹಾಲಿನ ಕೆನೆ ಇದ್ದ ಹಾಗೆ. ಮಧ್ಯಾಹ್ನದ ಬಿಸಿಲಿಗೆ ಆ ಕೆನೆ ಸುಮ್ನೆ ಕಾದಿರುತ್ತದೆ, ಅದಕ್ಕೇ ರಾತ್ರಿಯ ಅಳತೆಯನ್ನೇ ನಂಬುತ್ತಾರೆ. ಆ ಅಳತೆಯಿಂದ ಮಾಡುವ ನಕ್ಷೆಯ ಒಂದು ಚೌಕ ಅಂದರೆ 5 ಕಿಲೋಮೀಟರ್ ಅಗಲ. ನಾನು ನಿಂತಿದ್ದ ಸೊಂಟದ ಮಟ್ಟದ ನೀರು ಅದರಲ್ಲಿ ಎಲ್ಲೋ ಕಳೆದುಹೋಗುತ್ತದೆ. ನಮ್ಮಲ್ಲೂ ಕಡಲಿನ ಮಾಹಿತಿ ಕೊಡುವ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಲಕ್ಷದ್ವೀಪ, ಅಂಡಮಾನ್‌ಗಳಿಗೆ ಇಂಥ ಎಚ್ಚರಿಕೆ ಕೊಡುತ್ತದೆ.

ನಾನು ಹೋಗುವ ಮೊದಲೇ, 2024ರ ಏಪ್ರಿಲ್ 15ಕ್ಕೆ, ಜಗತ್ತಿನಾದ್ಯಂತ ಹವಳ ಬಿಳಿಚಿಕೊಳ್ಳುತ್ತಿದೆ, ಹೀಗಾಗುತ್ತಿರುವುದು ಇದು ನಾಲ್ಕನೇ ಸಲ ಅಂತ ನೋವಾ ಹೇಳಿತ್ತು. ನಾನು ಓದಿರಲಿಲ್ಲ, ಟಿಕೆಟ್ ಬುಕ್ ಮಾಡುವ ಗಡಿಬಿಡಿ.

ಗೊತ್ತಾಗಿ ಏನು ಮಾಡ್ತಾರೆ, ಕಡಲಿಗೆ ಫ್ಯಾನ್ ಹಾಕ್ತಾರಾ ಅಂತ ಗೆಳೆಯನೊಬ್ಬ ನಕ್ಕ. 2023ರ ಜುಲೈನಲ್ಲಿ ಫ್ಲೋರಿಡಾದವರು ಕಡಲಿನಲ್ಲಿ ನರ್ಸರಿ ಮಾಡಿ ಬೆಳೆಸಿದ್ದ ಹವಳಗಳನ್ನು ದಡದ ತೊಟ್ಟಿಗಳಿಗೆ ಸಾಗಿಸಿದರು. ಅಷ್ಟಾದರೂ ಆಯಿತಲ್ವಾ? ಉಳಿದದ್ದೆಲ್ಲ ಹವಾಮಾನದ ಕೈಯಲ್ಲಿ. 2016ರಲ್ಲಿ ಆಸ್ಟ್ರೇಲಿಯಾದ ಹವಳ ದಿಬ್ಬಗಳ ಸಾಲು ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗ ಬೆಂದುಹೋದಾಗ ದಕ್ಷಿಣವನ್ನು ಉಳಿಸಿದ್ದು ವಿನ್‌ಸ್ಟನ್ ಅನ್ನುವ ಚಂಡಮಾರುತದ ಅಳಿದುಳಿದ ಮೋಡ, ಮಳೆ. ಫಿಜಿಯಲ್ಲಿ ಮನೆಗಳನ್ನು ಕೆಡವಿ ಬಂದದ್ದೂ ಅದೇ ಚಂಡಮಾರುತ.

ಲಕ್ಷದ್ವೀಪಕ್ಕೆ ಆ ಕೆಲಸ ಮಾಡುವುದು ಮುಂಗಾರು. ಮೋಡ ಬಿಸಿಲನ್ನು ತಡೆಯುತ್ತದೆ, ಗಾಳಿ ಕೆಳಗಿನ ತಣ್ಣನೆಯ ನೀರನ್ನು ಮೇಲಕ್ಕೆ ಕಲಕುತ್ತದೆ. ಗಾಳಿ ಬಿದ್ದುಹೋದ ವಾರಗಳೇ ಕಷ್ಟ.

ಹೊನ್ನಾವರದಿಂದ ಅಮ್ಮ ಫೋನ್ ಮಾಡಿ, "ಒಂದು ಎಲೆ ಅಲ್ಲಾಡುವುದಿಲ್ಲ ಮಗಾ, ಎಂಥ ಸೆಕೆ" ಅಂದಾಗ ಮೊದಲಾದರೆ ಫ್ಯಾನ್ ಹಾಕಿಕೋ ಅನ್ನುತ್ತಿದ್ದೆ. ಅಲ್ಲಿನ ಸೆಕೆಗೂ ಅಗತ್ತಿಯ ನೀರಿಗೂ ನೇರ ಸಂಬಂಧ ಇರಲೇಬೇಕೆಂದಿಲ್ಲ, ಗೊತ್ತು. ಆದರೂ ಫೋನ್ ಇಟ್ಟ ಮೇಲೆ ಒಮ್ಮೆ ನಕ್ಷೆ ತೆಗೆಯುತ್ತೇನೆ.