ಸಂತ ನಿಕೋಲಾಸ್ ಚರ್ಚಿನ 1:100 ಮಾದರಿ: ಗುಮ್ಮಟಕ್ಕೆ ಬೆಳಕು ಬಂತು

ನ್ಯೂಯಾರ್ಕಿನ ಲಿಬರ್ಟಿ ಪಾರ್ಕ್‌ನಲ್ಲಿರುವ ಸಂತ ನಿಕೋಲಾಸ್ ಗ್ರೀಕ್ ಆರ್ಥಡಾಕ್ಸ್ ಚರ್ಚಿನ ಮಾದರಿಯಲ್ಲಿ ಗುಮ್ಮಟದ ಕೆಲಸ ಮುಗಿದಿದೆ. ಮೂಲೆಯ ನಾಲ್ಕು ಗೋಪುರಗಳಲ್ಲಿ ಎರಡು ನಿಂತಿವೆ, ಒಳಾಂಗಣ ಅರ್ಧಕ್ಕೆ ಬಂದಿದೆ, ಕೆಳಗಿನ ಪೀಠ ಇನ್ನೂ ಬರೀ ಹಲಗೆ. ಗುಮ್ಮಟಕ್ಕೇ ಮೊದಲು ಕೈಹಾಕಲು ಕಾರಣವಿದೆ. ಈ ಕಟ್ಟಡ ರಾತ್ರಿ ಒಳಗಿನಿಂದ ಬೆಳಗಬೇಕು, ಅದೂ ಎಲ್ಲ ಕಡೆ ಒಂದೇ ಹದದಲ್ಲಿ. ಅದು ಕೂಡಿಬರದಿದ್ದರೆ ಉಳಿದದ್ದು ಎಷ್ಟು ನಾಜೂಕಾಗಿದ್ದರೂ ಇದು ಆ ಚರ್ಚು ಅನ್ನಿಸುವುದಿಲ್ಲ.

ಗ್ರೀಕ್ ವಲಸಿಗರು 1916ರಲ್ಲಿ ಕಟ್ಟಿಕೊಂಡ ಸಭೆಯ ಚರ್ಚು ಇದು. ಅವರ ಹಳೆಯ ಪುಟ್ಟ ಕಟ್ಟಡ 2001ರ ಸೆಪ್ಟೆಂಬರ್ 11ರಂದು ವರ್ಲ್ಡ್ ಟ್ರೇಡ್ ಸೆಂಟರಿನ ದಕ್ಷಿಣ ಗೋಪುರ ಕುಸಿದಾಗ ಅದರಡಿ ನೆಲಸಮವಾಯಿತು. ಹೊಸದರ ವಿನ್ಯಾಸ ಸ್ಪೇನಿನ ವಾಸ್ತುಶಿಲ್ಪಿ ಸಾಂಟಿಯಾಗೊ ಕಲಾತ್ರಾವಾ ಅವರದು. 2014ರಲ್ಲಿ ಕೆಲಸ ಶುರುವಾಗಿ, 2017ರ ಕೊನೆಯಲ್ಲಿ ಹಣದ ಮುಗ್ಗಟ್ಟಿನಿಂದ ನಿಂತು, 2020ರಲ್ಲಿ ಮತ್ತೆ ಕೈಗೆತ್ತಿಕೊಂಡು, 2022ರ ಜುಲೈ 4ರಂದು ಪ್ರತಿಷ್ಠೆಯಾಯಿತು. ಗುಮ್ಮಟಕ್ಕೆ ಬುಡದಿಂದ ನೆತ್ತಿಗೆ ಏರುವ 40 ಪಕ್ಕೆಗಳು. ಇಸ್ತಾಂಬುಲಿನ ಹಾಗಿಯಾ ಸೋಫಿಯಾದ ಗುಮ್ಮಟಕ್ಕೂ ಅಷ್ಟೇ. ಹೊರಮೈಗೆ ಗ್ರೀಸಿನ ಪೆಂಟೆಲಿಕ್ ಅಮೃತಶಿಲೆ. ಅಥೆನ್ಸಿನ ಪುರಾತನ ದೇಗುಲ ಪಾರ್ಥೆನಾನ್ ಕಟ್ಟಿದ್ದೂ ಇದೇ ಕಲ್ಲಿನಿಂದ. ಅದನ್ನು ತೆಳುವಾಗಿ ಸೀಳಿ, ಗಾಜಿನೊಂದಿಗೆ ಬೆಸೆದು, ಹಿಂದೆ ದೀಪ ಇಟ್ಟಿದ್ದಾರೆ.

ಮಾದರಿಯ ಹೊರಗುಮ್ಮಟದ ವ್ಯಾಸ 150 ಮಿ.ಮೀ., ಒಳಗುಮ್ಮಟದ್ದು 120. ನಡುವೆ ಉಳಿಯುವ 15 ಮಿ.ಮೀ. ಸಂದಿಯೇ ಬೆಳಕಿನ ಜಾಗ. ಹೊರ ಚಿಪ್ಪನ್ನು ತ್ರೀಡಿ ಪ್ರಿಂಟ್ ಮಾಡುವುದು ಸುಲಭ, ಆದರೆ ದೀಪ ಹಚ್ಚಿದೊಡನೆ ಪದರದ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಬೆಳಕು ಹಾಯುವ ರೆಸಿನ್ ಆದರೆ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಹಾಗಾಗಿ 1.5 ಮಿ.ಮೀ. ಹಾಲುಬಿಳಿ ಪಿಇಟಿಜಿ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿನ ಮೇಲೆ ನಿರ್ವಾತದಿಂದ ಎಳೆದು ಕೂರಿಸಿದ್ದೇವೆ. ಅಚ್ಚು ಪೂರ್ತಿ ಒಣಗಿರಬೇಕು. ತೇವ ಉಳಿದಿದ್ದರೆ ಆವಿ ಎದ್ದು ಹಾಳೆಯಲ್ಲಿ ಗುಳ್ಳೆ ಬರುತ್ತದೆ. ಅಚ್ಚಿನ ಬುಡದ ಸುತ್ತ 0.8 ಮಿ.ಮೀ. ತೂತುಗಳು ಬೇಕು, ಇಲ್ಲವಾದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಅಂಚು ದುಂಡಗಾಗುತ್ತದೆ. ಅಚ್ಚನ್ನು 15 ಮಿ.ಮೀ. ಮರದ ತುಂಡಿನ ಮೇಲೆ ಎತ್ತರಿಸಿಟ್ಟರೆ, ಹಾಳೆ ಮಡಿಕೆ ಬಿದ್ದರೂ ಕತ್ತರಿಸಿ ಬಿಸಾಡುವ ಭಾಗದಲ್ಲೇ ಬೀಳುತ್ತದೆ.

ಈ ವಿಧಾನದಲ್ಲಿ ತಪ್ಪಿಸಲಾಗದ ತೊಡಕು ಒಂದಿದೆ. ಹಾಳೆ ಮೊದಲು ತಾಗುವುದು ಅಚ್ಚಿನ ನೆತ್ತಿಗೆ. ಅಲ್ಲಿ ತಣ್ಣಗಾಗಿ ದಪ್ಪ ಹಾಗೇ ಉಳಿಯುತ್ತದೆ. ಬುಡದತ್ತ ಹಿಗ್ಗುತ್ತಾ ತೆಳುವಾಗುತ್ತದೆ. ನಮ್ಮ ಚಿಪ್ಪು ನೆತ್ತಿಯಲ್ಲಿ 1.3, ಬುಡದಲ್ಲಿ 0.7 ಮಿ.ಮೀ. ಇದೆ. ಬುಡದಲ್ಲೊಂದು ಸುತ್ತು ದೀಪ ಇಟ್ಟು ಮೇಲಕ್ಕೆ ಬೆಳಕು ಹಾಯಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹಾಗೆ ಮಾಡಿದರೆ ತೆಳುವಾದ ಕಡೆಯೇ ಬೆಳಕೂ ಹೆಚ್ಚಾಗಿ, ಬುಡ ಕಣ್ಣು ಕುಕ್ಕುತ್ತದೆ, ನೆತ್ತಿ ಮಂಕಾಗಿ ಉಳಿಯುತ್ತದೆ.

ಪರಿಹಾರ ಸಿಕ್ಕಿದ್ದು ಒಳಗುಮ್ಮಟದ ಬೆನ್ನಿನಲ್ಲಿ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಪ್ರಿಂಟ್ ಮಾಡಿದ್ದೇವೆ: ಸುಮಾರು 15 ಮಿ.ಮೀ.ಗೆ ಒಂದರಂತೆ ಐದು ಸುತ್ತು, ಪ್ರತಿ ಮೆಟ್ಟಿಲಿನ ನೆಟ್ಟಗಿನ ಮುಖ 6 ಮಿ.ಮೀ., ಅದರ ಮೇಲೆ 5 ಮಿ.ಮೀ. ಅಗಲದ 12 ವೋಲ್ಟ್ ಸಿಒಬಿ (ಸಣ್ಣ ಚಿಪ್‌ಗಳನ್ನು ಒತ್ತೊತ್ತಾಗಿ ಕೂರಿಸಿದ) ಎಲ್‌ಇಡಿ ಸ್ಟ್ರಿಪ್. ದೀಪಸಾಲುಗಳ ನಡುವಿನ ಅಂತರ ದೀಪದಿಂದ ಚಿಪ್ಪಿಗಿರುವ ದೂರಕ್ಕಿಂತ ತೀರ ಹೆಚ್ಚಾಗಬಾರದು. ಹೆಚ್ಚಾದರೆ ಹೊರಗೆ ಅಡ್ಡ ಪಟ್ಟೆಗಳು ಕಾಣುತ್ತವೆ. ಉದ್ದದ ಪಕ್ಕೆಗಳು ಅಡ್ಡ ಪಟ್ಟೆಯನ್ನು ಮುಚ್ಚುವುದಿಲ್ಲ. ಸ್ಟ್ರಿಪ್ಪನ್ನು ಇಳಿಜಾರಿನ ಮೇಲೆ ನೇರ ಅಂಟಿಸಲು ಹೋಗಬಾರದು. ಅದು ಅಡ್ಡಡ್ಡ ಬಾಗುವುದಿಲ್ಲ, ಒಳಗಿನ ತಾಮ್ರದ ಗೆರೆ ಬಿರಿದು ಅರ್ಧ ಸುತ್ತು ಆರಿಹೋಗುತ್ತದೆ. ಮೇಲಿನ ಸುತ್ತಿನಲ್ಲಿ ತಿರುವು ತೀರಾ ಕಿರಿದಾದ್ದರಿಂದ ಗುರುತಿನ ಜಾಗದಲ್ಲೇ ಕತ್ತರಿಸಿದ ತುಂಡುಗಳನ್ನು ಸಣ್ಣ ತಂತಿಯಿಂದ ಬೆಸೆದಿದ್ದೇವೆ. ನೆತ್ತಿಯಲ್ಲಿ ಮೇಲ್ಮುಖವಾಗಿ ಎರಡು ತುಂಡು.

ಒಟ್ಟು ಸ್ಟ್ರಿಪ್ ಒಂದೂವರೆ ಮೀಟರ್. ಪೂರ್ತಿ ಉರಿಸಿದರೆ 12 ವ್ಯಾಟ್ ಆಸುಪಾಸು, ಮುಚ್ಚಿದ ಗುಮ್ಮಟಕ್ಕೆ ಅಷ್ಟು ಶಾಖ ಕೂಡದು. ತ್ರೀಡಿ ಪ್ರಿಂಟಿಗೆ ಬಳಸುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿಯ ಹೊತ್ತಿಗೆ ಮೆತ್ತಗಾಗುತ್ತದೆ. ಡಿಮ್ಮರಿನಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಸಿದ್ದೇವೆ, ಕತ್ತಲ ಕೋಣೆಗೆ ಅದು ಧಾರಾಳ. ಕೆಳಗಿನ ಎರಡು ಸುತ್ತಿಗೆ ಪ್ರತ್ಯೇಕ ಡಿಮ್ಮರ್: ಬುಡದ ತೆಳುತನವನ್ನು ಸರಿದೂಗಿಸುವುದು ಅಲ್ಲೇ. ಬೆಳಕಿನ ಬಣ್ಣ 3000 ಕೆಲ್ವಿನ್. 4000ಕ್ಕೆ ಹೋದರೆ ಕಲ್ಲಿನ ಕಳೆ ಹೋಗಿ ಟ್ಯೂಬ್‌ಲೈಟಿನ ಕವಚ ನೋಡಿದಂತಾಗುತ್ತದೆ. ಒಳಗುಮ್ಮಟದ ಬೆನ್ನಿಗೆ ಮೊದಲು ಕಪ್ಪು, ಆಮೇಲೆ ಹೊಳಪಿಲ್ಲದ ಬಿಳಿ. ಕಪ್ಪು ಬಿಟ್ಟರೆ ಒಳಗಡೆ ಚಾವಣಿಯ ಕ್ರಿಸ್ತನ ಚಿತ್ರ ಹಿಂದಿನ ಬೆಳಕಿಗೆ ಮಸುಕಾಗುತ್ತದೆ.

ಅಮೃತಶಿಲೆಯ ಎಳೆಗಳನ್ನು ಚಿಪ್ಪಿನ ಒಳಮೈ ಮೇಲೆ ಬರೆದಿದ್ದೇವೆ. ಬೂದು ಮತ್ತು ತುಸು ಜೇನುಬಣ್ಣದ ಅಕ್ರಿಲಿಕ್ ತುಂಬಾ ತೆಳುವಾಗಿ, ಒದ್ದೆ ಸ್ಪಂಜಿನಲ್ಲಿ ಅಂಚು ಕರಗಿಸುತ್ತಾ. ಹಗಲಲ್ಲಿ ಗುಮ್ಮಟ ಬರೀ ಬಿಳಿ. ದೀಪ ಹಚ್ಚಿದಾಗ ಮಾತ್ರ ಎಳೆಗಳು ಮೇಲೆ ಬರುತ್ತವೆ. ಹೊರಮೈ ಮೇಲೆ ಬರೆದಿದ್ದರೆ ಹಗಲಲ್ಲಿ ಕೊಳೆಯಂತೆ ಕಾಣುತ್ತಿತ್ತು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಇದು.

40 ಪಕ್ಕೆ ಅಂದರೆ 9 ಡಿಗ್ರಿಗೆ ಒಂದು, ಬುಡದಲ್ಲಿ 11.8 ಮಿ.ಮೀ. ಅಂತರ. ಒಂದರ ಪಕ್ಕ ಒಂದು ಅಳೆಯುತ್ತಾ ಹೋದರೆ ಕೊನೆಯ ಅಂತರ ಕಿರಿದಾಗಿಯೇ ತೀರುತ್ತದೆ. ಮೊದಲು 90 ಡಿಗ್ರಿಗೆ ನಾಲ್ಕು ನಿಲ್ಲಿಸಿ, ಪ್ರತಿ ಕಾಲುಭಾಗವನ್ನು ಹತ್ತಾಗಿ ಹಂಚಬೇಕು. ಪಕ್ಕೆಗಳಿಗೂ ಬೆಳಕು ಹಾಯುವ ಹಾಲುಬಿಳಿ ಹಾಳೆಯೇ ಬೇಕು, ಬೇರೆ ಪ್ಲಾಸ್ಟಿಕ್ ಹಾಕಿದರೆ ರಾತ್ರಿ ಕಪ್ಪು ಗೆರೆಗಳಾಗುತ್ತವೆ. ಸೂಪರ್ ಗ್ಲೂ ಮುಟ್ಟಬೇಡಿ, ಅದರ ಆವಿ ಪಿಇಟಿಜಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಯುವಿ ದೀಪಕ್ಕೆ ಗಟ್ಟಿಯಾಗುವ ಅಂಟು ಸರಿ.

ಗೋಪುರಗಳು ಬೂದು-ಬಿಳಿ ಕಲ್ಲಿನ ವರಸೆಗಳು, ಅಂದರೆ ಒಂದರ ಮೇಲೊಂದು ಕೂತ ಅಡ್ಡ ಸಾಲುಗಳು. ಮಾದರಿಯಲ್ಲಿ ಒಂದೊಂದು ವರಸೆಗೂ ಒಂದು ಪಟ್ಟಿ. ಪಟ್ಟಿಗಳಿಗೆ ಮೊದಲೇ ಬಣ್ಣ ಹೊಡೆದು ಆಮೇಲೆ ಅಂಟಿಸುವುದೇ ಲೇಸು. ಟೇಪ್ ಹಚ್ಚಿ ಬಣ್ಣ ಹೊಡೆದರೆ ಅಂಚು ಸೋರುತ್ತದೆ. ಪಟ್ಟಿಗೆ 0.05 ಮಿ.ಮೀ. ತಪ್ಪಿದರೂ 40 ವರಸೆಗೆ 2 ಮಿ.ಮೀ. ಆಗಿ ಗೋಪುರಗಳ ಸಾಲು ಒಂದಕ್ಕೊಂದು ಕೂಡುವುದಿಲ್ಲ. ಅದಕ್ಕೇ ಪ್ರತಿ ಹತ್ತನೆಯ ವರಸೆಯ ಎತ್ತರವನ್ನು ಗೋಡೆಯ ಮೇಲೆ ಮುಂಚೆಯೇ ಗೀರಿಟ್ಟಿದ್ದೇವೆ.

ಒಳಗೆ ಐಕನ್‌ಗಳ (ಪವಿತ್ರ ಚಿತ್ರಗಳ) ಅಡ್ಡಗೋಡೆ ಸಿದ್ಧವಾಗುತ್ತಿದೆ. ಗ್ರೀಕ್ ಸಂಪ್ರದಾಯದಲ್ಲಿ ಎದುರು ನಿಂತವರಿಗೆ ರಾಜದ್ವಾರದ, ಅಂದರೆ ಅಡ್ಡಗೋಡೆಯ ನಡುವಿನ ಬಾಗಿಲಿನ, ಬಲಕ್ಕೆ ಕ್ರಿಸ್ತ, ಎಡಕ್ಕೆ ದೇವಮಾತೆ ಮರಿಯ. ಕ್ರಿಸ್ತನ ಆಚೆ ಸ್ನಾನಿಕ ಯೋಹಾನ, ದೇವಮಾತೆಯ ಆಚೆ ಚರ್ಚು ಯಾರ ಹೆಸರಿನಲ್ಲಿದೆಯೋ ಆ ಸಂತ, ಇಲ್ಲಿ ನಿಕೋಲಾಸ್. ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿ ಹಿಂದಿನಿಂದ ಅಂಟಿಸುವುದಾದರೆ ಚಿತ್ರ ತಿರುಗುಮುರುಗಾಗುತ್ತದೆ, ಆಶೀರ್ವದಿಸುವ ಬಲಗೈ ಎಡಗೈ ಆಗಿಬಿಡುತ್ತದೆ. ಮುದ್ರಣಕ್ಕೆ ಮುಂಚೆ ಕನ್ನಡಿಬಿಂಬ ಮಾಡಿಕೊಳ್ಳಬೇಕು. ಚಾವಣಿಯ ಚಿತ್ರವನ್ನು ಸೀಳುಗಳಾಗಿ ಅಂಟಿಸಿದರೂ ಕ್ರಿಸ್ತನ ಮುಖವಿರುವ ನಡುವೃತ್ತ ಒಂದೇ ತುಂಡಾಗಿರಲಿ, ಮುಖದ ಮೇಲೆ ಜೋಡಣೆಯ ಗೆರೆ ಬೀಳಕೂಡದು.

ಉಳಿದಿರುವುದು ಇನ್ನೆರಡು ಗೋಪುರ ಮತ್ತು ಪೀಠ. ಚರ್ಚು ನಿಂತಿರುವ ಉದ್ಯಾನವೇ ರಸ್ತೆಯಿಂದ ಸುಮಾರು 25 ಅಡಿ ಮೇಲಿದೆ, ಹಾಗಾಗಿ ಪೀಠದ ಎತ್ತರ 76 ಮಿ.ಮೀ. ಬರಬೇಕು. ಅಡಾಪ್ಟರ್ ಮತ್ತು ಎರಡೂ ಡಿಮ್ಮರ್ ಅದರೊಳಗೇ ಹಿಡಿಯುತ್ತವೆ. ಹಿಂಬದಿ ಹಲಗೆಯನ್ನು ಅಂಟಿಸದೆ ತಿರುಪಿನಲ್ಲೇ ಬಿಗಿಯುತ್ತೇವೆ.