‘ಒಮ್ಮೆ ಆಪರೇಷನ್ ಮಾಡಿಸ್ಕೊಂಡ್ ಬಿಡ್ರಿ’ ಅನ್ನುವವರಿಗೆ

“ಇನ್ನ ಎಷ್ಟು ವರ್ಷ ಅಂತ ಗುಳಿಗಿ ನುಂಗ್ತೀರಿ ಅಕ್ಕೋರ? ಒಮ್ಮೆ ಆಪರೇಷನ್ ಮಾಡಿಸ್ಕೊಂಡ್ ಬಿಡ್ರಿ, ಮುಗೀತು.”

ಈ ಮಾತನ್ನು ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ. ಹೋದ ಸಲ ಗವಿಮಠದ ಜಾತ್ರೆಯ ದಾಸೋಹದಲ್ಲೂ ಕೇಳಿದೆ. ಲಕ್ಷಗಟ್ಟಲೆ ಮಿರ್ಚಿ ಕರಿದು ಬಡಿಸುವ ದಾಸೋಹ ಅದು. ನನ್ನ ತಟ್ಟೆಗೆ ಬಿದ್ದ ಮಿರ್ಚಿಯನ್ನು ಪಕ್ಕದಲ್ಲಿ ಕೂತ ಹುಡುಗನಿಗೆ ಕೊಟ್ಟೆ. ನಮ್ಮ ಓಣಿಯ ಹಿರಿಯರೊಬ್ಬರು ಅದನ್ನು ನೋಡಿ ನೊಂದುಕೊಂಡರು. ಪ್ರಸಾದವನ್ನೂ ತಿನ್ನಲಾಗದಂಥ ಹೊಟ್ಟೆ ಇಟ್ಟುಕೊಂಡು ಯಾಕೆ ಒದ್ದಾಡಬೇಕು ಅನ್ನುವುದು ಅವರ ಕಳಕಳಿ.

ಹಾಗಾಗಿ ಎಲ್ಲರಿಗೂ ಒಂದೇ ಸಲ ಉತ್ತರ ಬರೆಯುತ್ತಿದ್ದೇನೆ. ಹೌದು, ಮಾಡಿಸಿಕೊಳ್ಳುವ ಯೋಚನೆ ಇದೆ. ಬಹುಶಃ ಈ ಬೇಸಿಗೆ ರಜೆಯಲ್ಲೇ. ಆದರೆ ಕಾರಣ ಮಾತ್ರ ಬೇರೆ. ಎದೆಯುರಿಯ ಗುಳಿಗೆ ಬಿಡಬೇಕು ಅಂತ ನಾನು ಆಪರೇಷನ್‌ಗೆ ಹೋಗುತ್ತಿಲ್ಲ.

ನನಗೀಗ 43 ವರ್ಷ. ಕೊಪ್ಪಳ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎದೆಯುರಿ ಶುರುವಾಗಿ ಒಂಬತ್ತು ವರ್ಷ ಆಯಿತು. ಮೊದಲು ‘ಪಿತ್ತ’ ಅಂದುಕೊಂಡೆ. ಅತ್ತೆ ಜೀರಿಗೆ ನೀರು ಕೊಟ್ಟರು, ಅಜವಾನ ಕೊಟ್ಟರು, ತಣ್ಣನೆ ಹಾಲು ಕೊಟ್ಟರು. ಹಾಲು ಕುಡಿದ ಅರ್ಧ ಗಂಟೆ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ. ಒಂದೊಂದು ಪದಾರ್ಥ ಬಿಡುತ್ತಾ ಬಂದೆ. ರಂಜಕ ಬಿಟ್ಟೆ, ಮಂಡಾಳ ಒಗ್ಗರಣೆ ಜೊತೆಯ ಮಿರ್ಚಿ ಬಿಟ್ಟೆ, ಮಧ್ಯಾಹ್ನದ ಚಹಾ ಬಿಟ್ಟೆ. ಪುಂಡಿಪಲ್ಯ ಬಿಡುವುದು ಎಲ್ಲಕ್ಕಿಂತ ಕಷ್ಟ ಆಯಿತು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಎಣ್ಣೆ. ಅದು ನಮ್ಮ ತಾಯಿಯ ಕೈರುಚಿ, ಮರೆಯಲು ಆಗುವುದಿಲ್ಲ.

ಡಾಕ್ಟರ್ ಪ್ಯಾಂಟೊಪ್ರಜೋಲ್ 40 ಬರೆದುಕೊಟ್ಟರು. ಇಲ್ಲಿ ನನ್ನದೇ ತಪ್ಪು ಒಂದಿದೆ, ನಿಮಗೂ ಉಪಯೋಗವಾಗಬಹುದು ಅಂತ ಹೇಳುತ್ತೇನೆ. ಮೂರು ವರ್ಷ ನಾನು ಆ ಗುಳಿಗೆಯನ್ನು ಊಟ ಆದಮೇಲೆ, ಉರಿ ಬಂದಾಗ ನುಂಗುತ್ತಿದ್ದೆ. ಅದು ಕೆಲಸ ಮಾಡುವ ರೀತಿ ಬೇರೆ. ಹೊಟ್ಟೆಯೊಳಗೆ ಆಮ್ಲ ಹೊರಹಾಕುವ ಪಂಪುಗಳನ್ನು ಅದು ಮುಚ್ಚುತ್ತದೆ. ಊಟ ಮಾಡಿದಾಗ ಪಂಪುಗಳು ಚಾಲೂ ಆಗುತ್ತವೆ. ಆ ಹೊತ್ತಿಗೆ ಔಷಧಿ ರಕ್ತದಲ್ಲಿ ತಯಾರಿರಬೇಕು. ಅದಕ್ಕೇ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ತಗೊಳ್ಳಬೇಕು. ಅಮೆರಿಕದಲ್ಲಿ ಔಷಧಿಗೂ ಬಗ್ಗದ ಎದೆಯುರಿ ಅಂತ ಬಂದ 366 ಜನರ ಮೇಲೆ ಒಂದು ಅಧ್ಯಯನ ಮಾಡಿದರು, ಫಲಿತಾಂಶ 2019ರಲ್ಲಿ ಬಂತು. ಅವರಲ್ಲಿ 42 ಜನರಿಗೆ ಎರಡು ವಾರ ಇದೇ ಜಾತಿಯ ಗುಳಿಗೆಯನ್ನು ದಿನಕ್ಕೆರಡು ಸಲ, ಸರಿಯಾದ ಹೊತ್ತಿಗೆ ತಗೊಂಡ ಮೇಲೆ ಗುಣ ಕಂಡಿತು! ನನಗೂ ಹಾಗೇ ಆಯಿತು. ಹೊತ್ತು ಬದಲಿಸಿದ ವಾರದಲ್ಲೇ ಉರಿ ಮುಕ್ಕಾಲು ಪಾಲು ಇಳಿಯಿತು.

ಉರಿ ಇಳಿಯಿತು. ಆದರೆ ಮೇಲೆ ಬರುವುದು ನಿಲ್ಲಲಿಲ್ಲ.

ಬೆಳಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕಲು ಬಗ್ಗಿದರೆ ಸಾಕು, ರಾತ್ರಿ ಉಂಡದ್ದು ಗಂಟಲವರೆಗೆ ಬರುತ್ತದೆ. ಕಸ ಗುಡಿಸುವಾಗಲೂ ಅಷ್ಟೇ. ಬೋರ್ಡಿನ ಕೆಳಗಿನ ಸಾಲು ಬರೆಯುವಾಗಲೂ ಅಷ್ಟೇ. ರಾತ್ರಿ ಎರಡು ಗಂಟೆಗೆ ಕೆಮ್ಮುತ್ತಾ ಎದ್ದು ಕೂರುವುದು ವಾರಕ್ಕೆ ಎರಡು ಸಲವಾದರೂ ಇದೆ. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲರೂ ಮಾಳಿಗೆ ಮೇಲೆ ಹಾಸಿಕೊಂಡು ಮಲಗುತ್ತಾರೆ. ನಾನೊಬ್ಬಳೇ ಕೆಳಗೆ, ಸೆಕೆಯಲ್ಲಿ, ಇಟ್ಟಿಗೆ ಇಟ್ಟ ಮಂಚದ ಮೇಲೆ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟಿದ್ದೇವೆ, ಆರು ಇಂಚು ಎತ್ತರ ಬರುತ್ತದೆ. ಕೌದಿ, ದಿಂಬು ಪೇರಿಸಿ ಮಲಗಿದರೆ ಹೊಟ್ಟೆ ಮಡಚಿ ಇನ್ನೂ ಜಾಸ್ತಿ ಆಗುತ್ತದೆ. ಇಡೀ ಮಂಚವೇ ಓರೆ ಆಗಬೇಕು. ಎಡಮಗ್ಗುಲಿಗೆ ಮಲಗಬೇಕು. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಬೇಕು. ಇವೆಲ್ಲಾ ಸಹಾಯ ಮಾಡುತ್ತವೆ. ಆದರೂ ಬರುತ್ತದೆ.

ಯಾಕೆ ಅಂತ ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇನೆ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಬಿಗಿ ಸ್ನಾಯು ಇದೆ. ಉಣ್ಣುವಾಗ ತೆರೆದುಕೊಳ್ಳುತ್ತದೆ, ಆಮೇಲೆ ಮುಚ್ಚುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ವಪೆ ಆ ಜಾಗವನ್ನು ಹೊರಗಿನಿಂದ ಹಿಡಿದಿರುತ್ತದೆ. ನನಗೆ ಹೊಟ್ಟೆಯ ಮೇಲಿನ ಭಾಗ ಸುಮಾರು ಮೂರು ಸೆಂಟಿಮೀಟರ್ ವಪೆಯ ಕಂಡಿಯಿಂದ ಮೇಲೆ ಜಾರಿದೆ. ಹಯಾಟಸ್ ಹರ್ನಿಯಾ ಅನ್ನುತ್ತಾರೆ. ಹಿಡಿತ ತಪ್ಪಿದೆ, ಬಾಗಿಲು ಸಡಿಲ ಆಗಿದೆ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತಲ್ಲ, ಆ ವಾರ ನಮ್ಮೂರಿನಲ್ಲಿ ಬೇರೆ ಮಾತೇ ಇರಲಿಲ್ಲ. ಆಗ ನನಗೆ ನನ್ನ ಹೊಟ್ಟೆಯ ವಿಷಯ ಪೂರ್ತಿ ಅರ್ಥ ಆಯಿತು. ಗುಳಿಗೆ ಮಾಡುವುದು ನೀರಿನ ಖಾರ ತೆಗೆಯುವ ಕೆಲಸ. ಆಮ್ಲ ಕಡಿಮೆ ಆಗುತ್ತದೆ, ಸುಡುವುದಿಲ್ಲ. ಗೇಟು ಮಾತ್ರ ಹಾಗೇ ತೆರೆದಿರುತ್ತದೆ. ಗೇಟು ಕೂರಿಸುವುದು ಆಪರೇಷನ್‌ನ ಕೆಲಸ. ನನ್ನ ತೊಂದರೆ ಬರೀ ಉರಿ ಆಗಿದ್ದರೆ ಗುಳಿಗೆಯಲ್ಲೇ ಜೀವನ ಕಳೆಯುತ್ತಿದ್ದೆ, ಒಂದು ಚೂರೂ ಬೇಸರ ಇಲ್ಲದೆ.

ಗುಳಿಗೆಯ ಬಗ್ಗೆ ಜನಕ್ಕೆ ಇರುವ ಭಯ ಗೊತ್ತು. ‘ಕಿಡ್ನಿ ಹೋಗ್ತಾವು’, ‘ಎಲುಬು ಸವೀತಾವು’ ಅಂತ ಎಷ್ಟು ಜನ ಹೇಳಿಲ್ಲ! ಇದನ್ನು ನಾನು ಹಗುರವಾಗಿ ತಗೊಂಡಿಲ್ಲ, ಹುಡುಕಿ ಓದಿದ್ದೇನೆ. 17,598 ಜನರಲ್ಲಿ ಅರ್ಧ ಜನಕ್ಕೆ ಪ್ಯಾಂಟೊಪ್ರಜೋಲ್, ಅರ್ಧ ಜನಕ್ಕೆ ಅದರಂತೆಯೇ ಕಾಣುವ, ಔಷಧಿಯೇ ಇಲ್ಲದ ಗುಳಿಗೆ ಕೊಟ್ಟು ಸುಮಾರು ಮೂರು ವರ್ಷ ನೋಡಿದರು. ಅದೂ 2019ರಲ್ಲೇ ಪ್ರಕಟವಾಯಿತು. ಕಿಡ್ನಿ, ಎಲುಬು ಮುರಿತ, ನ್ಯುಮೋನಿಯಾ ಯಾವುದರಲ್ಲೂ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಕರುಳಿನ ಸೋಂಕು ಮಾತ್ರ ಸ್ವಲ್ಪ ಜಾಸ್ತಿ ಕಂಡಿತು, ನೂರಕ್ಕೆ 1.0 ಇದ್ದದ್ದು 1.4. ಮೂರು ವರ್ಷದ ಲೆಕ್ಕ ಮೂವತ್ತು ವರ್ಷದ್ದಲ್ಲ, ಒಪ್ಪುತ್ತೇನೆ. ಬಹಳ ವರ್ಷ ತಗೊಂಡವರಲ್ಲಿ ಬಿ-12 ಮತ್ತು ಮೆಗ್ನೀಸಿಯಂ ಕಡಿಮೆ ಆಗಬಹುದು. ನಾನು ಸಸ್ಯಾಹಾರಿ, ಅದಕ್ಕೆ ವರ್ಷಕ್ಕೊಮ್ಮೆ ಬಿ-12 ಪರೀಕ್ಷೆ ಮಾಡಿಸುತ್ತೇನೆ. ಗುಳಿಗೆಗೆ ಹೆದರಿ ಹೊಟ್ಟೆ ಕೊಯ್ಸಿಕೊಳ್ಳಬೇಡಿ. ಹೆದರಿ ಒಮ್ಮೆಲೇ ನಿಲ್ಲಿಸಲೂ ಬೇಡಿ. ಹಾಗೆ ನಿಲ್ಲಿಸಿದರೆ ಹೊಟ್ಟೆ ಕೆಲವು ವಾರ ಮೊದಲಿಗಿಂತ ಜಾಸ್ತಿ ಆಮ್ಲ ಹೊರಹಾಕುತ್ತದೆ. ಆಗ ‘ನೋಡಿ, ಚಟ ಹತ್ತಿಬಿಟ್ಟಿದೆ’ ಅನ್ನಿಸುತ್ತದೆ. ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಬೇಕು.

ಇನ್ನು ಪರೀಕ್ಷೆಯ ವಿಷಯ. ಇದನ್ನು ಯಾರೂ ಕೇಳುವುದೇ ಇಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಎದೆ ಉರಿದರೆ ಆಮ್ಲವೇ ಕಾರಣ ಅಂತ ಹೇಳಲು ಬರುವುದಿಲ್ಲ. ಮೇಲೆ ಹೇಳಿದ ಆ 366 ಜನರನ್ನು ಹಂತ ಹಂತವಾಗಿ ಜರಡಿ ಹಿಡಿದಾಗ ಕೊನೆಗೆ ಆಪರೇಷನ್ ಪ್ರಯೋಗಕ್ಕೆ ಯೋಗ್ಯರಾಗಿ ಉಳಿದವರು 78 ಜನ. 99 ಜನರ ಉರಿಗೆ ಹುಳಿ ಮೇಲೆ ಬರುವುದು ಕಾರಣವೇ ಆಗಿರಲಿಲ್ಲ. ಪರೀಕ್ಷೆ ಇಲ್ಲದೆ ಅವರ ಹೊಟ್ಟೆ ಕೊಯ್ದಿದ್ದರೆ? ಆ 78 ಜನರಲ್ಲಿ ಆಪರೇಷನ್ ಆದವರ ಪೈಕಿ ನೂರಕ್ಕೆ 67 ಜನಕ್ಕೆ ಒಂದು ವರ್ಷದ ನಂತರ ಚೆನ್ನಾಗಿ ಗುಣ ಕಂಡಿತ್ತು, ಹೆಚ್ಚಿನ ಔಷಧಿ ಕೊಟ್ಟವರಲ್ಲಿ 28.

ನನ್ನ ಎಂಡೋಸ್ಕೋಪಿಯಲ್ಲಿ ಅನ್ನನಾಳದಲ್ಲಿ ಕಂಡದ್ದು ‘ಎ’ ಗ್ರೇಡಿನ, ಅಂದರೆ ಎಲ್ಲಕ್ಕಿಂತ ಕೆಳಗಿನ ಹಂತದ ಸಣ್ಣ ಗೀರುಗಳು. ಅಷ್ಟರಿಂದಲೇ ತೀರ್ಮಾನ ಮಾಡಲು ಆಗುವುದಿಲ್ಲ ಅಂತ ಡಾಕ್ಟರ್ ಬೆಂಗಳೂರಿಗೆ ಕಳಿಸಿದರು. ಹೋಗುವ ಮುಂಚೆ ಏಳು ದಿನ ಗುಳಿಗೆ ಬಂದ್. ಆ ಏಳು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ಕ್ಲಾಸಿನಲ್ಲಿ ದನಿಯೇ ಹೊರಡುತ್ತಿರಲಿಲ್ಲ. ಹತ್ತನೇ ತರಗತಿಗೆ ಆಮ್ಲ, ಪ್ರತ್ಯಾಮ್ಲದ ಪಾಠ ನಡೆದಿತ್ತು. ಮಕ್ಕಳೇ ಎದ್ದು ನಿಂತು ಓದಿದರು.

ಹಂಪಿ ಎಕ್ಸ್‌ಪ್ರೆಸ್ ಹತ್ತಿ ತಂಗಿ ಮನೆಗೆ ಹೋದೆ. ಮೊದಲು ಮೂಗಿನಿಂದ ಒಂದು ನಳಿಕೆ ಇಳಿಸಿ, ಹತ್ತು ಸಲ ಒಂದೊಂದು ಗುಟುಕು ನೀರು ಕೊಟ್ಟು, ಅನ್ನನಾಳ ಎಷ್ಟು ಬಲವಾಗಿ ಕೆಳಕ್ಕೆ ತಳ್ಳುತ್ತದೆ ಅಂತ ನೋಡಿದರು. ಇದು ಬೇಕೇ ಬೇಕು. ತಳ್ಳುವ ಬಲ ಇಲ್ಲದವರಿಗೆ ಗೇಟು ಬಿಗಿ ಮಾಡಿದರೆ ಅನ್ನ ಅಲ್ಲೇ ನಿಲ್ಲುತ್ತದೆ. ಆಮೇಲೆ ಇನ್ನೂ ತೆಳ್ಳಗಿನ ನಳಿಕೆ ಹಾಕಿ, ಸೊಂಟಕ್ಕೆ ಸಣ್ಣ ಪೆಟ್ಟಿಗೆ ಕಟ್ಟಿ, 24 ಗಂಟೆ ಬಿಟ್ಟು ಬನ್ನಿ ಅಂದರು. ಉರಿ ಬಂದರೆ ಒಂದು ಬಟನ್, ಊಟಕ್ಕೆ ಒಂದು, ಮಲಗಿದರೆ ಒಂದು. ದಿನಾ ಏನು ತಿನ್ನುತ್ತೀರೋ ಅದನ್ನೇ ತಿನ್ನಿ ಅಂದಿದ್ದರು. ತಂಗಿ ರೊಟ್ಟಿ, ಎಣ್ಣೆಗಾಯಿ ಮಾಡಿದಳು. ಮೂಗಿನಲ್ಲಿ ನಳಿಕೆ ಇಟ್ಟುಕೊಂಡು ಬಹಳ ವರ್ಷದ ಮೇಲೆ ಎಣ್ಣೆಗಾಯಿ ಉಂಡೆ. ಆ ಕಷ್ಟದಲ್ಲೂ ಅದರ ರುಚಿ ಹತ್ತಿತು, ಸುಳ್ಳು ಹೇಳುವುದಿಲ್ಲ.

ಪಿಎಚ್ ಅಂದರೆ ಆಮ್ಲದ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. ಅನ್ನನಾಳದಲ್ಲಿ ಅದು 4ಕ್ಕಿಂತ ಕೆಳಗಿರುವ ಹೊತ್ತು ದಿನದ ನೂರಕ್ಕೆ 4 ಭಾಗದೊಳಗೆ ಇದ್ದರೆ ತೊಂದರೆ ಇಲ್ಲ, 6 ದಾಟಿದರೆ ಕಾಯಿಲೆ ಖಚಿತ. ನನ್ನದು 11 ಬಂತು. ತಳ್ಳುವ ಬಲ ಸರಿ ಇತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಕಾಯಿಲೆಗೆ ಒಂದು ಸಂಖ್ಯೆ ಸಿಕ್ಕಿತು. ‘ಎಲ್ಲಾ ಟೆನ್ಷನ್‌ಗೆ ಆಗೋದು’ ಅಂದವರ ಮಾತು ಅವತ್ತು ಮನಸ್ಸಿನಿಂದ ಇಳಿಯಿತು.

ಆಪರೇಷನ್ ಹೆಸರು ಫಂಡೋಪ್ಲಿಕೇಶನ್. ಹೊಟ್ಟೆಯನ್ನು ಕೆಳಕ್ಕೆ ಎಳೆದು, ವಪೆಯ ಕಂಡಿ ಹೊಲಿದು, ಹೊಟ್ಟೆಯ ಮೇಲ್ಭಾಗವನ್ನೇ ಅನ್ನನಾಳದ ಬುಡಕ್ಕೆ ಚಳಿಗಾಲದಲ್ಲಿ ಕೊರಳಿಗೆ ರುಮಾಲು ಸುತ್ತಿದ ಹಾಗೆ ಸುತ್ತಿ ಹೊಲಿಯುತ್ತಾರೆ. ಇದನ್ನು ಕೊಟ್ಟವರು ರುಡಾಲ್ಫ್ ನಿಸೆನ್ ಅನ್ನುವ ಸರ್ಜನ್. ಹಿಟ್ಲರ್ ಬಂದ 1933ರಲ್ಲಿ ಜರ್ಮನಿ ಬಿಟ್ಟು ಇಸ್ತಾಂಬುಲ್‌ಗೆ ಹೋದವರು. ಅಲ್ಲಿ 1936ರಲ್ಲಿ ಒಬ್ಬ ರೋಗಿಯ ಅನ್ನನಾಳದ ಹುಣ್ಣು ತೆಗೆದು, ಹೊಲಿಗೆ ಭದ್ರವಾಗಿರಲಿ ಅಂತ ಹೊಟ್ಟೆಯನ್ನು ಸುತ್ತ ಹೊದಿಸಿದರು. ಆ ರೋಗಿಗೆ ಹುಳಿ ಮೇಲೆ ಬರುವುದು ನಿಂತುಹೋಯಿತು. ಅದನ್ನು ನೆನಪಿಟ್ಟುಕೊಂಡು ಸುಮಾರು ಇಪ್ಪತ್ತು ವರ್ಷದ ನಂತರ ಇದೇ ಕಾಯಿಲೆಗೆ ಬಳಸಿ, 1956ರಲ್ಲಿ ಪ್ರಕಟಿಸಿದರು. 1991ರಿಂದ ಇದನ್ನು ಸಣ್ಣ ರಂಧ್ರಗಳ ಮೂಲಕ, ಲ್ಯಾಪರೋಸ್ಕೋಪಿಯಲ್ಲಿ ಮಾಡುತ್ತಾರೆ.

‘ಮುಗೀತು’ ಅನ್ನುವ ಮಾತಿಗೆ ಬರೋಣ. ಸ್ವೀಡನ್ನಿನಲ್ಲಿ ಈ ಆಪರೇಷನ್ ಆದ 2,655 ಜನರನ್ನು ಸರಾಸರಿ ಐದು ವರ್ಷ ಗಮನಿಸಿದರು. ನೂರಕ್ಕೆ ಸುಮಾರು 18 ಜನಕ್ಕೆ ಕಾಯಿಲೆ ಮತ್ತೆ ಬಂದಿತ್ತು. ಅವರಲ್ಲಿ ಹೆಚ್ಚಿನವರು ಮತ್ತೆ ಗುಳಿಗೆಗೆ ಮರಳಿದರು, ಉಳಿದವರಿಗೆ ಇನ್ನೊಂದು ಆಪರೇಷನ್ ಆಯಿತು. ಅಂದರೆ ಐದರಲ್ಲಿ ನಾಲ್ಕು ಜನ ಆರಾಮ. ನನಗೆ ಇದು ಒಳ್ಳೆಯ ಲೆಕ್ಕವೇ. ಆದರೆ ಗುಳಿಗೆ ಬಿಡುವುದೊಂದೇ ಆಸೆ ಇಟ್ಟುಕೊಂಡು ಹೋದವರಿಗೆ ಐದನೆಯವರಾಗುವುದು ದೊಡ್ಡ ಪೆಟ್ಟು.

ಬೇರೆ ತೊಂದರೆಗಳೂ ಇವೆ. ಮೊದಲ ಕೆಲವು ವಾರ ನುಂಗುವುದು ಕಷ್ಟ. ಎರಡು ವಾರ ನೀರುಪದಾರ್ಥ, ಗಂಜಿ, ಆಮೇಲೆ ಮೆತ್ತನೆಯ ಊಟ. ಕಟಿ ರೊಟ್ಟಿ ಕೈಗೆ ಬರಲು ತಿಂಗಳು, ಒಂದೂವರೆ ತಿಂಗಳು ಬೇಕು. ಅಷ್ಟು ದಿನ ತುಂಬಿದ ಕೊಡ ಎತ್ತುವ ಹಾಗಿಲ್ಲ. ನಲ್ಲಿ ನೀರು ಬಂದ ದಿನ ನಮ್ಮನೆಯಲ್ಲಿ ಕೊಡ ಎತ್ತುವವಳು ನಾನೇ, ಹಾಗಾಗಿ ಯಜಮಾನರ ಜೊತೆ ಅದೇ ಮೊದಲ ಮಾತುಕತೆ ಆಯಿತು. ಕೆಲವರಿಗೆ ತೇಗು ಬರುವುದಿಲ್ಲ, ವಾಂತಿ ಮಾಡಲೂ ಕಷ್ಟ. ಗಾಳಿ ಒಳಗೇ ಉಳಿದು ಹೊಟ್ಟೆ ಉಬ್ಬುತ್ತದೆ. ಪೂರ್ತಿ ಸುತ್ತುವ ಬದಲು ಮುಕ್ಕಾಲು ಭಾಗ, ಅಂದರೆ 270 ಡಿಗ್ರಿ ಸುತ್ತಿದರೆ ಈ ತೊಂದರೆ ಕಡಿಮೆ. ಇನ್ನೊಂದು, ದನಿ ಸರಿಹೋಗುತ್ತದೆ ಅಂತ ಸರ್ಜನ್ ಮಾತು ಕೊಡಲಿಲ್ಲ. ಎದೆಯುರಿ, ಮೇಲೆ ಬರುವುದು ವಾಸಿಯಾದಷ್ಟು ಖಚಿತವಾಗಿ ಗಂಟಲಿನ ತೊಂದರೆ ವಾಸಿಯಾಗುವುದಿಲ್ಲವಂತೆ. ಹಾಗೆ ನೇರವಾಗಿ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಎದೆಯಲ್ಲಿ ನೋವು ಬಂದು ಎಡಗೈ, ದವಡೆಗೆ ಹರಿದರೆ, ಬೆವರು, ಏದುಸಿರು ಬಂದರೆ, ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ಮೊದಲು ಇಸಿಜಿ ಮಾಡಿಸಿ. ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಕಾರಣ ಇಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಕಪ್ಪು ಮಲ ಇದ್ದರೆ ಮೆಡಿಕಲ್ ಶಾಪಿನ ಗುಳಿಗೆಯಲ್ಲಿ ದಿನ ದೂಡದೆ ಎಂಡೋಸ್ಕೋಪಿಗೆ ಹೋಗಿ. ದಯವಿಟ್ಟು.

ಮುಂದಿನ ತಿಂಗಳು ಮತ್ತೆ ಬೆಂಗಳೂರಿಗೆ ಹೋಗುತ್ತೇನೆ. ಕೇಳಬೇಕಾದದ್ದನ್ನು ಪಾಠ ಟಿಪ್ಪಣಿಯ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ? ನನಗೆ ಪೂರ್ತಿ ಸುತ್ತುತ್ತೀರೋ, ಮುಕ್ಕಾಲೋ? ಶಾಲೆ ಶುರುವಾಗುವಾಗ ದಿನಕ್ಕೆ ಐದು ಪೀರಿಯಡ್ ನಿಂತು ಪಾಠ ಮಾಡಬಹುದಾ? ಕೊನೆಯದನ್ನು ಅತ್ತೆ ಬರೆಸಿದರು. ಆಪರೇಷನ್ ಆಗಿ ಊರಿಗೆ ಬಂದ ಮೇಲೆ, ಒಂದು ರಾತ್ರಿ ಗಂಜಿಯೂ ಇಳಿಯದೆ ಸಿಕ್ಕಿಕೊಂಡರೆ, ನಿಮ್ಮ ಆಸ್ಪತ್ರೆ ಇಲ್ಲಿಂದ ಸುಮಾರು 350 ಕಿಲೋಮೀಟರ್. ಆ ರಾತ್ರಿ ಕೊಪ್ಪಳದಲ್ಲಿ ನಾವು ಯಾರ ಬಾಗಿಲು ತಟ್ಟಬೇಕು? ಅದಕ್ಕೆ ಸರಿಯಾದ ಉತ್ತರ ಸಿಕ್ಕ ಮೇಲೆ ತಾರೀಖು ಗೊತ್ತು ಮಾಡುತ್ತೇನೆ.