ಒತ್ತಿಗೆ ಜಾಗ ಬಿಡಿ

ಗ್ರಾಫಿಕ್ ಕಮ್ಯುನಿಕೇಶನ್ ಓದುತ್ತಿದ್ದೇನೆ ಎಂದರೆ ನಮ್ಮ ಊರಲ್ಲಿ ಹೆಚ್ಚಿನವರು ಮದುವೆ ಕಾಗದ ಮಾಡುವ ಕೆಲಸ ಎಂದುಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮದುವೆ ಕಾಗದ, ಔಷಧಿ ಡಬ್ಬಿಯ ಲೇಬಲ್, ಬಸ್ಸಿನ ಬೋರ್ಡು, ಪಠ್ಯಪುಸ್ತಕದ ಪುಟ ಎಲ್ಲವೂ ನಮ್ಮ ಪಾಠದೊಳಗೇ ಬರುತ್ತವೆ. ಅಕ್ಷರ ಹೇಗಿರಬೇಕು, ಎಷ್ಟು ದೂರದಿಂದ ಓದಬೇಕು, ಯಾವ ಕಾಗದ ಎಷ್ಟು ಶಾಯಿ ಕುಡಿಯುತ್ತದೆ, ಇಂಥದ್ದನ್ನೆಲ್ಲ ಕಲಿಯುತ್ತೇವೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಆಸ್ಪತ್ರೆಯ ಬೋರ್ಡುಗಳನ್ನು. ಮಲಯಾಳಂ, ಕನ್ನಡ, ಇಂಗ್ಲಿಷ್ ಮೂರೂ ಇರುವ ಬೋರ್ಡು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದವಳಿಗೆ ಬೇರೆ ವಿಷಯ ಹೊಳೆಯಲೇ ಇಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿನ ಕನ್ನಡದವರು ಬೋರ್ಡು, ಅರ್ಜಿ, ನೋಟೀಸುಗಳಲ್ಲಿ ಕನ್ನಡ ಇರಲಿ ಎಂದು ಕೇಳುತ್ತಲೇ ಇದ್ದಾರೆ. ಕೇಳಿದ್ದು ಸಿಕ್ಕ ಕಡೆಯೂ ಅದು ಓದಲು ಬರುವ ಹಾಗೆ ಇದೆಯೇ ಎಂದು ನೋಡುವವರು ಕಡಿಮೆ. ಒಂದು ಕಚೇರಿಯ ಬಾಗಿಲ ಮೇಲೆ ‘ಪರೀಕ್‌ಷೆ’ ಎಂದು ಒಡೆದು ಅಚ್ಚಾದ ಬೋರ್ಡನ್ನು ನಾನು ಎಷ್ಟೋ ಕಾಲ ನೋಡಿದ್ದೇನೆ. ಕ್ಷ ಕೂಡಿಕೊಂಡಿರಲಿಲ್ಲ. ಬರೆದವರಿಗೆ ಕನ್ನಡ ಬರುವುದಿಲ್ಲ ಎಂದು ಜನ ಬೈಯುತ್ತಿದ್ದರು. ಆದರೆ ಕಾರಣ ಹೆಚ್ಚಾಗಿ ಸಾಫ್ಟ್‌ವೇರಿನಲ್ಲಿ ಇರುತ್ತದೆ. ಯೂನಿಕೋಡ್‌ನಲ್ಲಿ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿರುವ ಒಂದೇ ಸಂಕೇತ ಕ್ರಮದಲ್ಲಿ, ಕ್ಷೆ ಎಂಬುದು ಒಂದೇ ತುಂಡಲ್ಲ. ಕ, ಅದನ್ನು ಅರ್ಧಾಕ್ಷರ ಮಾಡುವ ಚಿಹ್ನೆ, ಷ, ಏತ್ವ ಹೀಗೆ ಬಿಡಿಬಿಡಿಯಾಗಿ ಉಳಿದಿರುತ್ತದೆ. ಫಾಂಟಿನೊಳಗಿನ ನಿಯಮ ನೋಡಿ ಅವನ್ನು ಜೋಡಿಸುವ ಕೆಲಸ ಸಾಫ್ಟ್‌ವೇರಿನದ್ದು. ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತುಗಳು ಹೀಗೆಯೇ ಚದುರುತ್ತವೆ. ಮೆನುವಿನ ಮೂಲೆಯಲ್ಲಿರುವ ಒಂದು ಆಯ್ಕೆ ಅದು. ಅಷ್ಟಕ್ಕೆ ಒಂದು ಭಾಷೆ ಬಾಗಿಲ ಮೇಲೆ ಮುರಿದು ನಿಲ್ಲುತ್ತದೆ.

ತರಗತಿಯಲ್ಲಿ ನಮಗೆ ತೋರಿಸುತ್ತಿದ್ದ ಉದಾಹರಣೆಗಳು ಒಳ್ಳೆಯವೇ. 1916ರಲ್ಲಿ ಲಂಡನ್ನಿನ ರೈಲಿಗಾಗಿ ಎಡ್ವರ್ಡ್ ಜಾನ್‌ಸ್ಟನ್ ಬರೆದ ಅಕ್ಷರಗಳು, 1957ರ ಹೆಲ್ವೆಟಿಕಾ ಫಾಂಟು. ಎರಡೂ ನನಗೆ ಇಷ್ಟ. ಆದರೆ ಅಲ್ಲಿಂದ ಬಂದ ಅಳತೆಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೊಲಿದವು. 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಇರಲಿ ಎಂದು ಒಂದು ಲೆಕ್ಕ ಹೇಳುತ್ತಾರೆ. ಅದು ದೊಡ್ಡಕ್ಷರದ ಎತ್ತರ. ‘ಸ್ತ್ರೀ’ ಎಂದು ಬರೆದಾಗ ಆ 1 ಇಂಚನ್ನು ಎಲ್ಲಿಂದ ಎಲ್ಲಿಗೆ ಅಳೆಯುವುದು? ಮೇಲೆ ಗುಡಿಸು, ನಡುವೆ ಸಕಾರ, ಪಕ್ಕಕ್ಕೆ ದೀರ್ಘ, ಕೆಳಗೆ ತ ಒತ್ತು, ಅದಕ್ಕೂ ತಗುಲಿಕೊಂಡ ರ ಒತ್ತು. ಮಾಳಿಗೆ ಮನೆಯ ಹಾಗಿನ ಅಕ್ಷರ ಅದು.

ಇದಕ್ಕೆ ಉತ್ತರ ಹುಡುಕಲೆಂದೇ ಒಂದು ಶನಿವಾರ ಊರಿಗೆ ಬಂದಿದ್ದೆ. ಬೆಳಗ್ಗೆ ಹಳೆ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಡಿಟಿಪಿ ಅಂಗಡಿಗೆ ಹೋದೆ. ಅಲ್ಲಿ ಕೂರುವ ಅಕ್ಕ ಕನ್ನಡ, ಮಲಯಾಳಂ ಎರಡನ್ನೂ ಕೀಬೋರ್ಡ್ ನೋಡದೆ ಹೊಡೆಯುತ್ತಾರೆ. ಟೈಪ್ ಮಾಡುವ ಸಾಫ್ಟ್‌ವೇರ್ ಕನ್ನಡಕ್ಕೆ ನುಡಿ, ಮಲಯಾಳಂಗೆ ಐಎಸ್‌ಎಂ. ಎರಡರಲ್ಲೂ ಅವರು ಬಳಸುವುದು ಯೂನಿಕೋಡ್ ಅಲ್ಲದ ಹಳೆಯ ಕ್ರಮದ ಫಾಂಟುಗಳನ್ನು. ಅದರಲ್ಲಿ ಮಾಡಿದ ಫೈಲನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೇ ಇಂಗ್ಲಿಷ್ ಚೂರುಗಳು ಕಾಣುತ್ತವೆ. ಕನ್ನಡ 1991ರ ಮೊದಲ ಯೂನಿಕೋಡ್‌ನಲ್ಲೇ ಇದ್ದರೂ ಪ್ರೆಸ್ಸುಗಳಲ್ಲಿ ಹಳೆಯ ಕ್ರಮ ಇನ್ನೂ ಹೋಗಿಲ್ಲ. ಹೋಗದಿರಲು ಕಾರಣ ಉಂಟು. ಅಕ್ಕನ ಬಳಿ ವರ್ಷಗಟ್ಟಲೆಯ ಯಕ್ಷಗಾನದ ನೋಟೀಸು, ಬ್ರಹ್ಮಕಲಶದ ಆಮಂತ್ರಣ ಎಲ್ಲ ಆ ಫಾಂಟಿನಲ್ಲೇ ಇವೆ. ಬೇಕಾದಲ್ಲಿ ತಾರೀಕು, ಹೆಸರು ಬದಲಿಸಿದರೆ ಕೆಲಸ ಮುಗಿಯಿತು.

ನಾನು ಮೂರು ಭಾಷೆಗೂ ಸಮ ಎತ್ತರದ ಮೂರು ಪಟ್ಟಿ ಹಾಕಿದ ಹಾಳೆಯನ್ನು ಅವರ ಪರದೆಯ ಮೇಲೆ ತೆರೆದೆ. ಕೊಟ್ಟ ಜಾಗ ಮೂರಕ್ಕೂ ಒಂದೇ. ಅಕ್ಕ ಸ್ವಲ್ಪ ಹೊತ್ತು ನೋಡಿದರು.

“ಎಂತ ಮಾರಾಯ್ತಿ, ಕನ್ನಡ ಯಾಕೆ ಇಷ್ಟು ಸಣ್ಣ?”

ಹೌದು. ಪಟ್ಟಿ ಸಮ ಇದ್ದರೂ ಕಣ್ಣಿಗೆ ಕನ್ನಡವೇ ಎಲ್ಲಕ್ಕಿಂತ ಕಿರಿದು. ‘ತುರ್ತು ಚಿಕಿತ್ಸೆ’ಯಲ್ಲಿ ಸ ಒತ್ತು ಕೆಳಗಿನ ಪಟ್ಟಿಗೆ ಇಳಿಯಬಾರದು, ಗುಡಿಸು ಮೇಲಿನದಕ್ಕೆ ತಾಗಬಾರದು. ಎರಡನ್ನೂ ಒಳಗೇ ಹಿಡಿಸಿದರೆ ನಡುವಿನ ಅಕ್ಷರ ಕುಗ್ಗಲೇಬೇಕು. ಇಂಗ್ಲಿಷಿಗೆ ಈ ಕಷ್ಟವಿಲ್ಲ. ದೊಡ್ಡಕ್ಷರದಲ್ಲಿ ಬರೆದರೆ ಗೆರೆಯಿಂದ ಕೆಳಗೆ ಏನೂ ಇಳಿಯುವುದಿಲ್ಲ. ಮಲಯಾಳಂ ಕಥೆ ಬೇರೆ. 1971ರಲ್ಲಿ ಕೇರಳ ಸರಕಾರ ಲಿಪಿ ಸುಧಾರಣೆ ಮಾಡಿ, ಟೈಪ್‌ರೈಟರ್ ಮತ್ತು ಅಚ್ಚುಮೊಳೆಗೆ ಸುಲಭವಾಗಲಿ ಎಂದು ಅನೇಕ ಕೂಡಕ್ಷರಗಳನ್ನು ಬಿಡಿಸಿತು, ಉಕಾರದಂಥ ಚಿಹ್ನೆಗಳನ್ನು ಅಕ್ಷರದಿಂದ ಬೇರೆ ಮಾಡಿ ಪಕ್ಕಕ್ಕೆ ಇಟ್ಟಿತು. ಹಾಗಾಗಿ ಈಗಿನ ಮಲಯಾಳಂ ಅಡ್ಡಕ್ಕೆ ಬೆಳೆಯುತ್ತದೆ. ನಮ್ಮ ಕನ್ನಡ ಕೆಳಕ್ಕೆ ಬೆಳೆಯುತ್ತದೆ. ಒಂದಕ್ಕೆ ಅಗಲ ಬೇಕು, ಇನ್ನೊಂದಕ್ಕೆ ಆಳ ಬೇಕು. ಇಬ್ಬರಿಗೂ ಒಂದೇ ಪೆಟ್ಟಿಗೆ ಕೊಟ್ಟು ಸಮಾನ ಎಂದರೆ ನ್ಯಾಯವಾಗುವುದಿಲ್ಲ, ಅಲ್ವಾ?

ಅಕ್ಕ ಎ3 ಹಾಳೆಗಳಲ್ಲಿ ಪ್ರಿಂಟ್ ತೆಗೆದುಕೊಟ್ಟರು. ಅವರೇ ಒಬ್ಬ ಪೈಂಟರರ ಹೆಸರು ಹೇಳಿ, “ಅವರ ಹತ್ತಿರ ಒಮ್ಮೆ ಕೇಳು. ಫ್ಲೆಕ್ಸ್ ಬರುವ ಮೊದಲು ಈ ಪೇಟೆಯ ಅರ್ಧ ಬೋರ್ಡು ಅವರದ್ದೇ” ಎಂದರು.

ಅವರ ಮನೆ ಮಧೂರಿನ ಕಡೆಗೆ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದರು. ಹೆಂಡತಿ ಬೆಲ್ಲ, ನೀರು ತಂದಿಟ್ಟರು. ನಾನು ಹಾಳೆಗಳನ್ನು ಜಗಲಿಯಲ್ಲಿ ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ ದೂರ ಹಿಡಿದು ನೋಡಿದರು. ಆಮೇಲೆ ಏನೂ ಹೇಳದೆ ಒಳಗೆ ಹೋಗಿ ಒಂದು ನೂಲಿನ ಉಂಡೆ, ಚಾಕ್ ಪುಡಿ ತಂದರು. ನೂಲಿಗೆ ಪುಡಿ ಹಚ್ಚಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಕಪ್ಪು ಹಲಗೆಯ ಮೇಲೆ ಎಳೆದು ಪಟ್ಟೆಂದು ಬಿಟ್ಟರು. ನೇರ ಬಿಳಿ ಗೆರೆ ಬಿತ್ತು. ಹಾಗೇ ಇನ್ನೂ ಕೆಲವು.

“ಇಂಗ್ಲಿಷಿಗೆ ಎರಡು ಗೆರೆ ಎಳೆದ್ರೆ ಬರೀಬಹುದು ಮಗಳೇ. ಕನ್ನಡಕ್ಕೆ ನಾಲ್ಕು ಬೇಕು. ಮೇಲಿನದ್ದು ಗುಡಿಸಿಗೆ. ನಡುವಿನ ಎರಡು ಅಕ್ಷರಕ್ಕೆ. ಕೆಳಗಿನದ್ದು ಒತ್ತಿಗೆ. ನಾನು ಮೊದಲು ನೋಡುವುದು ಒತ್ತು ಎಲ್ಲಿ ಉಂಟು ಅಂತ. ಅದಕ್ಕೆ ಜಾಗ ಬಿಟ್ಟ ಮೇಲೆಯೇ ಅಕ್ಷರ.”

ಮೂರು ಭಾಷೆ ಸಮ ಕಾಣಬೇಕಾದರೆ ಯಾವುದನ್ನು ಸಮ ಮಾಡಬೇಕು ಎಂದು ಕೇಳಿದೆ. ಅವರು ನಡುವಿನ ಎರಡು ಗೆರೆಗಳ ಮೇಲೆ ಬೆರಳಿಟ್ಟರು. ಆ ಎತ್ತರ ಮೂರೂ ಭಾಷೆಗೆ ಒಂದೇ ಇರಲಿ, ಉಳಿದ ಜಾಗ ಯಾರಿಗೆ ಎಷ್ಟು ಬೇಕೋ ಅಷ್ಟು ಎಂದರು. ಅಳತೆಪಟ್ಟಿ ಇಲ್ಲದೆ ಕಣ್ಣಳತೆಯಲ್ಲೇ ‘ಚಿಕಿತ್ಸೆ’ ಬರೆದು ತೋರಿಸಿದರು. ಚಪ್ಪಟೆ ಕುಂಚದ ಒಂದೇ ಎಳೆತದಲ್ಲಿ ಗುಡಿಸು ಬಂತು. ಒತ್ತನ್ನು ಮೇಲಿನ ಅಕ್ಷರಕ್ಕಿಂತ ತೀರಾ ತೆಳು ಮಾಡಲಿಲ್ಲ. ನಾನು ಫೋನಿನಲ್ಲಿ ವಿಡಿಯೊ ಮಾಡುತ್ತ ಕೂತೆ. ಈ ಮನುಷ್ಯ ನಮ್ಮ ವಿಭಾಗಕ್ಕೆ ಬಂದು ಒಂದು ದಿನ ಪಾಠ ಮಾಡಬೇಕು ಅನಿಸಿತು. ಈಗಲೂ ಅನಿಸುತ್ತದೆ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆ. ಅಪರೂಪಕ್ಕೆ ದೈವಸ್ಥಾನದ ಗೋಡೆ, ಶಾಲೆಯ ಹೆಸರು ಬರೆಯಲು ಕರೆಯುತ್ತಾರಂತೆ.

ಸಂಜೆ ನಮ್ಮೂರಿನ ವಾಚನಾಲಯದ ಜಗಲಿಗೆ ಹೋದೆ. ಅಲ್ಲಿ ಪತ್ರಿಕೆ ಓದಲು ಬರುವವರಲ್ಲಿ ಹಿರಿಯರೇ ಜಾಸ್ತಿ. ಗೋಡೆಗೆ ಹಾಳೆ ಅಂಟಿಸಿ, ದೂರದಲ್ಲಿ ನಿಂತು ಓದಿ ಎಂದು ಕೇಳಿಕೊಂಡೆ. ಬಿಳಿ ಹಾಳೆಯ ಕಪ್ಪು ಅಕ್ಷರ ಒಂದು, ನೀಲಿ ಹಿನ್ನೆಲೆಯ ಬಿಳಿ ಅಕ್ಷರ ಇನ್ನೊಂದು.

ನೀಲಿ ಹಾಳೆಯ ‘ಔಷಧಿ’ಯನ್ನು ನೋಡಿ ಒಬ್ಬ ಅಜ್ಜ, “ಔಪದಿ ಅಂತ ಕಾಣ್ತದೆ. ಔಷಧಿ ಇರ್ಬೇಕು” ಎಂದರು. ನಾನು ಅದನ್ನು ಹಾಗೇ ಬರೆದಿಟ್ಟುಕೊಂಡೆ. ಪ ಮತ್ತು ಷಗಳ ನಡುವೆ ಇರುವುದು ಒಳಗಿನ ಒಂದು ಸಣ್ಣ ಗೀಟು. ದ ಮತ್ತು ಧಗಳ ನಡುವೆ ಇರುವುದು ಕೆಳಗಿನ ಒಂದು ಸೀಳು. ಥ ಆಗಲು ಒಳಗೊಂದು ಚುಕ್ಕೆ. ಕನ್ನಡದ ಅನೇಕ ಮಹಾಪ್ರಾಣಗಳು ಇಂಥ ಸೀಳು, ಚುಕ್ಕೆಗಳ ಮೇಲೆ ನಿಂತಿವೆ. ಅಚ್ಚಿನಲ್ಲಿ ಶಾಯಿ ಕಾಗದದ ಮೇಲೆ ಸ್ವಲ್ಪ ಹರಡುತ್ತದೆ. ಅಗ್ಗದ ಕಾಗದವಾದರೆ ಇನ್ನೂ ಹರಡುತ್ತದೆ. ನೀಲಿಯ ನಡುವೆ ಬಿಳಿ ಅಕ್ಷರ ಬಿಟ್ಟಾಗ ನೀಲಿ ಶಾಯಿ ಒಳಕ್ಕೆ ನುಗ್ಗಿ ಆ ಸಣ್ಣ ಗೀಟನ್ನು ತಿಂದುಬಿಡುತ್ತದೆ. ದಪ್ಪ ಅಕ್ಷರ ಚೆನ್ನಾಗಿ ಕಾಣುತ್ತದೆ ಎಂದು ಬೋಲ್ಡ್ ಮಾಡಿದರೆ ಸೀಳು ಮೊದಲೇ ಮುಚ್ಚಿರುತ್ತದೆ. ಕಪ್ಪು ಅಕ್ಷರವನ್ನು ನಾಲ್ಕು ಬಣ್ಣ ಸೇರಿಸಿ ಅಚ್ಚು ಹಾಕಿದರೂ ಅಷ್ಟೇ. ಪ್ಲೇಟ್ ಕೂದಲೆಳೆಯಷ್ಟು ಸರಿದರೆ ಸಾಕು, ಅಂಚು ಮಸುಕಾಗುತ್ತದೆ. ಸಣ್ಣ ಅಕ್ಷರಕ್ಕೆ ಬರೇ ಕಪ್ಪು ಶಾಯಿ ಸಾಕು ಎಂದು ಪಾಠದಲ್ಲಿ ಹೇಳಿದ್ದು ನನಗೆ ಸರಿಯಾಗಿ ತಲೆಗೆ ಹೋದದ್ದು ಆ ಜಗಲಿಯಲ್ಲಿ.

ಅಜ್ಜ ಊಹಿಸಿ ಓದಿದರು, ಏಕೆಂದರೆ ಔಷಧಿ ಗೊತ್ತಿರುವ ಪದ. ಡಾಕ್ಟರ ಹೆಸರನ್ನೋ ಗೊತ್ತಿಲ್ಲದ ವಿಭಾಗದ ಹೆಸರನ್ನೋ ಯಾರೂ ಊಹಿಸಲಾರರು. ಆಸ್ಪತ್ರೆಗೆ ಬಂದವರು ಮೊದಲೇ ಗಾಬರಿಯಲ್ಲಿರುತ್ತಾರೆ. ಬೋರ್ಡು ಅವರನ್ನು ಇನ್ನೊಬ್ಬರ ಹತ್ತಿರ ಕೇಳುವ ಹಾಗೆ ಮಾಡಬಾರದು. ಸುಮ್ನೆ ಕನ್ನಡವೂ ಇದೆ ಎಂದು ತೋರಿಸುವುದಕ್ಕೆ ಬೋರ್ಡು ಹಾಕುವುದಾದರೆ ನನ್ನ ಪ್ರಾಜೆಕ್ಟೇ ಬೇಡ.

ಮಾರನೆಯ ದಿನ ಅಳತೆಗಳನ್ನೆಲ್ಲ ಮತ್ತೆ ಹಾಕಿದೆ. ಮೂರೂ ಭಾಷೆಯ ನಡು ಅಕ್ಷರದ ಎತ್ತರ ಒಂದೇ. ಕನ್ನಡದ ಪಟ್ಟಿ ಉಳಿದೆರಡಕ್ಕಿಂತ ಆಳ. ಮಲಯಾಳಂ ಸಾಲಿಗೆ ಅಗಲ ಜಾಸ್ತಿ, ಅದಕ್ಕಾಗಿ ಬೋರ್ಡನ್ನೇ ಅಗಲ ಮಾಡಿದೆ. ಅಕ್ಷರವನ್ನು ಅಡ್ಡಕ್ಕೆ ಒತ್ತಿ ಸಪೂರ ಮಾಡಲಿಲ್ಲ. ಮಲಯಾಳಂ ಓದುವ ಅಜ್ಜಿಗೂ ಕಣ್ಣು ಕನ್ನಡದ ಅಜ್ಜನಷ್ಟೇ ಮಂಜು. ಫಾಂಟಿಗೆ ನೋಟೊ ಸಾನ್ಸ್ ಆರಿಸಿದೆ. ಮೂರೂ ಲಿಪಿ ಅದರಲ್ಲಿ ಸಿಗುತ್ತವೆ, ಉಚಿತ, ಒತ್ತುಗಳೂ ಓದುವ ಹಾಗಿವೆ. ವಿಂಡೋಸ್‌ನ ತುಂಗಾ, ಕಾರ್ತಿಕಾಗಳನ್ನೂ ಹಾಕಿ ನೋಡಿದೆ. ಕನ್ನಡದ ತುಂಗಾ, ಮಲಯಾಳಂನ ಕಾರ್ತಿಕಾ ಎರಡರ ಹಿಂದೆಯೂ ಅಕ್ಷರ ವಿನ್ಯಾಸಕ ಆರ್. ಕೆ. ಜೋಶಿಯವರ ಕೈ ಇದೆ ಎಂಬುದು ನನಗೆ ಖುಷಿ ಕೊಟ್ಟ ವಿಷಯ. ಆದರೆ ದೂರದ ಬೋರ್ಡಿಗೆ ಅವು ತೆಳು.

ವಿಶ್ವವಿದ್ಯಾಲಯದಲ್ಲಿ ತೋರಿಸಿದಾಗ ಪರೀಕ್ಷಕರು ಮೊದಲು ಕೇಳಿದ್ದೇ, ಕನ್ನಡಕ್ಕೆ ಯಾಕೆ ಜಾಸ್ತಿ ಜಾಗ, ಇದು ಪಕ್ಷಪಾತ ಅಲ್ವಾ ಎಂದು. ನಾನು ಸಮ ಪಟ್ಟಿಯ ಹಳೆಯ ಹಾಳೆಯನ್ನೂ ಹೊಸದನ್ನೂ ಗೋಡೆಗೆ ಹಚ್ಚಿ, ಕೋಣೆಯ ಆಚೆ ಬದಿಗೆ ಹೋಗಿ ನೋಡಿ ಎಂದೆ. ಇಬ್ಬರೂ ಎದ್ದು ಹೋಗಿ ನೋಡಿದರು. ಅವರಲ್ಲಿ ಒಬ್ಬರಿಗೆ ಕನ್ನಡ ಓದಲು ಬರುವುದಿಲ್ಲ. ಅವರಿಗೂ ಯಾವುದರಲ್ಲಿ ಮೂರು ಸಾಲು ಸಮ ತೂಕದಲ್ಲಿವೆ ಎಂದು ಗೊತ್ತಾಯಿತು. ಪರೀಕ್ಷಕರಲ್ಲಿದ್ದ ಮೇಡಂ ಮಾತ್ರ ಒಂದು ಒಳ್ಳೆಯ ಪ್ರಶ್ನೆ ಎತ್ತಿದರು. ದಾರಿ ತೋರಿಸುವ ಬಾಣ ಕನ್ನಡದ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು? ಪಟ್ಟಿಯ ನಡುವೆ ಇಟ್ಟರೆ ಒತ್ತಿಲ್ಲದ ಪದದ ಪಕ್ಕ ಬಾಣ ಕೆಳಗೆ ಜಾರಿದ ಹಾಗೆ ಕಾಣುತ್ತದೆ. ಅಕ್ಷರದ ನಡುವಿಗೆ ಇಟ್ಟರೆ ‘ಸ್ತ್ರೀರೋಗ’ದ ಪಕ್ಕ ಮೇಲೆ ತೇಲುತ್ತದೆ.

ಪೈಂಟರಿಗೆ ಫೋನ್ ಮಾಡಿ ಕೇಳಿದೆ. ಬಾಣ ಯಾವಾಗಲೂ ನಡುವಿನ ಎರಡು ಗೆರೆಗೆ ಎಂದರು. ಪ್ಲೈವುಡ್ ತಂದುಕೊಟ್ಟರೆ ಎರಡೂ ಥರ ಬರೆದು ತೋರಿಸುತ್ತೇನೆ, ನಿನ್ನ ವಾಚನಾಲಯದ ಜಗಲಿಯಲ್ಲೇ ಇಟ್ಟು ಜನರನ್ನು ಕೇಳುವ ಎಂದೂ ಹೇಳಿದರು. ಪ್ಲೈವುಡ್ ತಂದಾಯಿತು, ಇನ್ನು ಬಿಳಿ ಪೈಂಟು ಬಳಿಯಬೇಕು.